ಬೆರಳು ಹಿಡಿದವಳು

ಪುರಾವೆ ಇಲ್ಲದೆ ಡಾ. ಇಂದುಮತಿ ಹುಯಿಲಗೋಳ ಸಾರಿಗೆ ಉಪ್ಪನ್ನೂ ಹಾಕುವುದಿಲ್ಲ ಎಂದು ಜನ ಅವಳ ಬೆನ್ನ ಹಿಂದೆ ನಗುತ್ತಿದ್ದರು. ಬೆನ್ನ ಹಿಂದೆ ಏನು ಬಂತು, ಮಗಳು ಸಂಪದಾ ಎದುರಿಗೇ ನಗುತ್ತಿದ್ದಳು. ಬಾಣಂತನಕ್ಕೆ ತವರಿಗೆ ಬಂದ ಮಗಳಿಗೆ ಅಂಟಿನುಂಡಿ ಕೊಡುವ ಮೊದಲು, ಇದರಿಂದ ಎದೆಹಾಲು ಹೆಚ್ಚುತ್ತದೆ ಎಂದು ಯಾರು, ಎಷ್ಟು ಮಂದಿಯ ಮೇಲೆ ನೋಡಿದ್ದಾರೆ ಎಂದು ಕೇಳುವ ತಾಯಿ ಧಾರವಾಡದಲ್ಲಿ ಇನ್ನೊಬ್ಬಳು ಇರಲಿಲ್ಲ. "ರುಚಿ ಅದ ಅಂತ ತಿನ್ಲಿಕ್ಕೂ ಪುರಾವೆ ಬೇಕೇನಮ್ಮಾ?" ಎಂದು ಸಂಪದಾ ಉಂಡಿಯ ಡಬ್ಬಿಯನ್ನೇ ಹಾಸಿಗೆಯ ಪಕ್ಕಕ್ಕೆ ಎಳೆದುಕೊಂಡಿದ್ದಳು.

ಅಂಥ ಇಂದುಮತಿ ಆ ಮಧ್ಯಾಹ್ನ ಕಚೇರಿಗೆ ಹೋಗದೆ ಮನೆಯಲ್ಲೇ ಉಳಿದಿದ್ದಳು. ಭೇಟಿಯಕ್ಕ ಬರುವವಳಿದ್ದಳು. ರಾಜ್ಯದ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ, ಅದು ಗಟ್ಟಿಯಾಗಿ ಓಡಾಡುವ ತನಕ ವಾರಕ್ಕೊಮ್ಮೆ ಬಂದು ಕೂತು ಮಾತಾಡಿ ಹೋಗುವ ಹೆಂಗಸು ಆಕೆ. ಆ ಯೋಜನೆಯನ್ನು ಕಟ್ಟಿದವಳೇ ಇಂದುಮತಿ. ಆದರೆ ಭೇಟಿಯಕ್ಕ ಒಬ್ಬಳು ಒಂದು ಮನೆಯೊಳಗೆ ನಿಜವಾಗಿ ಕೂತದ್ದನ್ನು ಅವಳು ಇಷ್ಟು ವರ್ಷದಲ್ಲಿ ಪರದೆಯ ಮೇಲೆ ಬಿಟ್ಟರೆ ಕಂಡಿರಲಿಲ್ಲ.

ಬಂದವಳ ಹೆಸರು ಕಸ್ತೂರಿ. ಗಟ್ಟಿ ದನಿಯ ಹೆಂಗಸು. ಚಪ್ಪಲಿ ಬಿಡುವಾಗಲೂ ಪಕ್ಕದ ಮನೆಯವರ ಜೊತೆ ನಲ್ಲಿ ನೀರಿನ ವಿಷಯಕ್ಕೆ ಜಗಳದಂಥ ಮಾತು ನಡೆಸಿದ್ದಳು. ಹೊಸ್ತಿಲು ದಾಟುವ ಮೊದಲು ಹೆಗಲ ಮೇಲೆ ಅಡ್ಡ ಹಾದಿದ್ದ ಪಟ್ಟಿಯ ಗುಂಡಿ ಒತ್ತಿದಳು. ಅಷ್ಟೇ. ದನಿ ಇಳಿಯಿತು, ಹೆಜ್ಜೆ ಸಣ್ಣದಾಯಿತು. ಎಡಗೈ ಮೈಯಿಂದ ಒಂದು ಗೇಣು ದೂರ ಸರಿದು, ತೋರುಬೆರಳು ಕೊಕ್ಕೆಯ ಹಾಗೆ ಬಾಗಿತು. ತೊಟ್ಟಿಲ ಹತ್ತಿರ ಕೂತು ಆಕೆ ಕೂಸನ್ನು ಮುಟ್ಟಲಿಲ್ಲ, ಸಂಪದಾಳ ಕೈ ಮುಟ್ಟಿದಳು. "ನಿದ್ದಿ ಆಕ್ಕೈತೇನ್ ತಂಗಿ?" ಎಂದು ಕೇಳಿ ಉತ್ತರಕ್ಕೆ ಕಾದಳು. ಎಷ್ಟು ಹೊತ್ತು ಕಾಯಬೇಕೆಂಬುದು ಪಟ್ಟಿಗೆ ಗೊತ್ತಿತ್ತು. ಸಂಪದಾ ತನ್ನ ತಾಯಿಗೆ ಹೇಳದ ಯಾವುದೋ ಮಾತನ್ನು ಮೆಲ್ಲಗೆ ಹೇಳಿ ಕಣ್ಣೊರೆಸಿಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಇಂದುಮತಿಗೆ ಹೆಮ್ಮೆಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಹೊರಡುವಾಗ ಕಸ್ತೂರಿ ಬಾಗಿಲ ತನಕ ಹೋಗಿ ತಿರುಗಿ ನಿಂತಳು. ತೊಟ್ಟಿಲ ಆಚೆಯ ಖಾಲಿ ಮೂಲೆಯ ಕಡೆ ನೋಡಿದಳು, ಅದೂ ಸೊಂಟದಷ್ಟು ಕೆಳಗೆ. "ಬಾರವಾ, ಹೋಗೂಣು," ಎಂದಳು. ಯಾರೋ ಓಡಿ ಬಂದು ಬೆರಳು ಹಿಡಿಯುವಷ್ಟು ಹೊತ್ತು ತಡೆದಳು. ಆಮೇಲೆ ಸಣ್ಣ ಹೆಜ್ಜೆ ಇಡುತ್ತ ಹೋದಳು.

ಹಾಸಿಗೆಯ ಮೇಲೆ ಕಾಲು ಚಾಚಿ ಕೂತಿದ್ದ ಸಂಪದಾ ಅಷ್ಟರಲ್ಲಿ ಕಾಲು ಮಡಚಿಕೊಂಡಿದ್ದಳು.

"ಕಾಲ್ ಯಾಕ ಮಡಚಿದಿ?" ಎಂದು ಇಂದುಮತಿ ಕೇಳಿದಳು.

"ದಾರಿ ಬಿಡಬೇಕಲ್ಲಮ್ಮಾ," ಎಂದ ಸಂಪದಾ ತನ್ನ ಮಾತಿಗೆ ತಾನೇ ಬೆರಗಾದಳು. "ಅಲ್ಲ, ಯಾರನ್ನ ಕರೀತಾಳ ಆಕಿ?"

"ಯಾರನ್ನೂ ಅಲ್ಲ. ಅದು ಮಾದರಿಯೊಳಗ ಅದ."

ಹಾಗೆಂದರೂ ಇಂದುಮತಿ ಅಂಗಳಕ್ಕೆ ಹೋಗಿ ಕಸ್ತೂರಿಯನ್ನು ನಿಲ್ಲಿಸಿದಳು. ಕಸ್ತೂರಿ ಗುಂಡಿ ಆರಿಸಿಯಾಗಿತ್ತು, ದನಿ ಮತ್ತೆ ಏರಿತ್ತು. "ನಾ ಏನಂದ್ನೇನ್ರೀ ಬಾಯಾರ? ನನಗ ನೆನಪಿರಂಗಿಲ್ರೀ. ಪಟ್ಟಿ ಹಾಕ್ಕೊಂಡಾಗ ಅಂದದ್ದು ಪಟ್ಟೀಗೇ ಗೊತ್ತು," ಎಂದು ನಕ್ಕು ಚಪ್ಪಲಿ ಮೆಟ್ಟಿದಳು.

ಈ ಪಟ್ಟಿಯ ಕಥೆಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಹಿಂದೊಮ್ಮೆ ಒಂದು ಅಧ್ಯಯನ ನಡೆದಿತ್ತು. ಹಲವು ತಾಲೂಕುಗಳ ಭೇಟಿಯಕ್ಕಂದಿರಿಗೆ ಒಂದೇ ತರಬೇತಿ, ಒಂದೇ ಪುಸ್ತಕ, ಒಂದೇ ಸಂಬಳ. ಅವರಲ್ಲಿ ಒಬ್ಬಳ ಊರುಗಳಲ್ಲಿ ಮಾತ್ರ ಕೂಸುಗಳು ಸಾಯುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಆಕೆ ಮಾಡಿದ್ದನ್ನೆಲ್ಲ ಬರೆದು, ಅಚ್ಚು ಹಾಕಿಸಿ, ಸಾವಿರಾರು ಹೆಂಗಸರಿಗೆ ಹೇಳಿಕೊಟ್ಟರು. ಏನೂ ಆಗಲಿಲ್ಲ. ಪುಸ್ತಕದ ಬದನೆಕಾಯಿ ಸಾರಿಗೆ ಬರುವುದಿಲ್ಲ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ಬೇಕಿರಲಿಲ್ಲ. ಸಂಶೋಧನೆಯಲ್ಲಿ ಫಲಿಸಿದ್ದು ಊರೊಳಗೆ ಯಾಕೆ ಫಲಿಸುವುದಿಲ್ಲ ಎಂಬುದೇ ಇಂದುಮತಿಯ ಆಯುಷ್ಯದ ಪ್ರಶ್ನೆಯಾಯಿತು. ಕೊನೆಗೆ ಅವಳು ಕಂಡುಕೊಂಡ ಉತ್ತರ ಇಷ್ಟು: ಕಷಾಯದಲ್ಲಿ ಯಾವ ಬೇರು ಔಷಧ, ಯಾವುದು ಬರೀ ಸೊಪ್ಪು ಎಂದು ಗೊತ್ತಿಲ್ಲದಿದ್ದರೆ ಆರಿಸಲಿಕ್ಕೆ ಹೋಗಬಾರದು, ಕಷಾಯವನ್ನೇ ಪೂರ್ತಿ ಕುಡಿಸಬೇಕು. ಆ ಹೆಂಗಸಿನ ಹೆಗಲಿಗೆ ಪಟ್ಟಿ ಕಟ್ಟಿ ಅವಳ ನಡಿಗೆ, ಉಸಿರು, ಕೈ, ದನಿ, ಮೌನ ಎಲ್ಲವನ್ನೂ ತುಂಬಿಕೊಂಡರು. ಅದೇ ಪಟ್ಟಿಯನ್ನು ಬೇರೆಯವರು ಹಾಕಿಕೊಂಡರೆ ಅದು ಸ್ನಾಯುಗಳನ್ನು ಮೆಲ್ಲಗೆ ಎಳೆದು, ಕಿವಿಯಲ್ಲಿ ಮಾತು ಪಿಸುಗುಟ್ಟಿ, ಅವರನ್ನು ಅಷ್ಟು ಹೊತ್ತು ಆಕೆಯಂತೆ ಮಾಡುತ್ತಿತ್ತು.

ಇಂದುಮತಿ ಇನ್ನೊಂದು ನಿಯಮವನ್ನೂ ಮಾಡಿದ್ದಳು. ಮಾದರಿಯಾದ ಹೆಂಗಸು ಯಾರು, ಯಾವ ಊರಿನವಳು ಎಂಬುದು ಯೋಜನೆಯ ಲೆಕ್ಕ ಹಾಕುವ ಯಾರಿಗೂ, ತನಗೂ, ಗೊತ್ತಾಗಕೂಡದು. ಗುರುತು ಸಿಕ್ಕರೆ ಮೋಹ ಹುಟ್ಟುತ್ತದೆ, ಮೋಹ ಹುಟ್ಟಿದರೆ ಲೆಕ್ಕ ಕೆಡುತ್ತದೆ. ಹಾಗಾಗಿ ಆಕೆ ಎಲ್ಲರಿಗೂ ಬರೀ 'ಮಾದರಿ'. ಈ ನಿಯಮದ ಬಗ್ಗೆ ಇಂದುಮತಿಗೆ ಪಟ್ಟಿಯ ಬಗ್ಗೆ ಇದ್ದುದಕ್ಕಿಂತ ಹೆಚ್ಚು ಅಭಿಮಾನವಿತ್ತು.

ಪಟ್ಟಿ ಫಲಿಸಿತು. ಹುಟ್ಟಿದ ಕೂಸಿಗೆ ಶೆಟಿಗೆವ್ವ ದೇವಿ ಬರೆದ ಹಣೆಬರಹವನ್ನೇ ತಿದ್ದಿದ ಯೋಜನೆ ಎಂದು ಮಂತ್ರಿಗಳು ಭಾಷಣ ಮಾಡಿದರು.

ಮರುದಿನ ಕಚೇರಿಯಲ್ಲಿ ಇಂದುಮತಿ ಪಟ್ಟಿಯ ಎಂಜಿನಿಯರ್ ದಸ್ತಗೀರ ನದಾಫನನ್ನು ಕರೆದಳು. ಅವರು ಕೂರುವ ಕೋಣೆಯ ಒಂದು ಗೋಡೆ ತುಂಬ ರಾಜ್ಯದ ನಕ್ಷೆ, ಅದರ ಮೇಲೆ ಈ ಹೊತ್ತಿಗೆ ನಡೆಯುತ್ತಿರುವ ಒಂದೊಂದು ಭೇಟಿಗೂ ಒಂದೊಂದು ಚುಕ್ಕೆ ಬೆಳಕು. ಭೇಟಿ ಮುಗಿಯುವ ಕ್ಷಣದ ದನಿಗಳನ್ನಷ್ಟೇ ಕೇಳಿಸು ಎಂದಳು. ನದಾಫ ಕೇಳಿಸಿದ. ಬೀದರಿನಿಂದ ಚಾಮರಾಜನಗರದ ತನಕ, ಬೇರೆ ಬೇರೆ ಗಂಟಲುಗಳಲ್ಲಿ, ಒಂದೇ ಏರಿಳಿತ. ಬಾರವಾ, ಹೋಗೂಣು. ಒಂದು ಮುಗಿಯುವ ಮೊದಲೇ ಇನ್ನೊಂದು. ಮೈಸೂರು ಸೀಮೆಯ ಹೆಂಗಸರೂ ಅದನ್ನು ಈ ಕಡೆಯ ಮಾತಿನಲ್ಲೇ ಅನ್ನುತ್ತಿದ್ದರು. ಸ್ವಲ್ಪ ಹೊತ್ತು ಕೇಳಿ ಇಂದುಮತಿ ಕೈ ಎತ್ತಿದಳು. "ಸಾಕು," ಎಂದಳು.

"ನಾನೂ ನಿಮಗ ಹೇಳಬೇಕಂತ ಮಾಡಿದ್ದೆ ಮೇಡಮ್," ಎಂದ ನದಾಫ. "ಅಂಗನವಾಡಿ ಟೀಚರಗಳು ತಕರಾರು ಮಾಡ್ಲಿಕ್ಕತ್ಯಾರ. ಪಟ್ಟಿ ಮೊದಲು ಹೋದ ತಾಲೂಕಿನವ್ರು. ಅಲ್ಲಿಯ ಹುಡುಗರು ಈಗ ಅಂಗನವಾಡಿಗೆ ಬರ್ತಾವ ನೋಡ್ರಿ, ಅವು ಎಲ್ಲಾ ಕಡೆ ಒಂದು ಜಾಗಾ ಬಿಟ್ಟು ಕೂಡ್ತಾವಂತ."

ನಂಬದೆ ಇಂದುಮತಿ ತಾನೇ ಹೋಗಿ ನೋಡಿದಳು. ಹೊಸ ಕಟ್ಟಡ, ಗೋಡೆಗೆ ಹಣ್ಣು ತರಕಾರಿಯ ಚಿತ್ರ, ಉಪ್ಪಿಟ್ಟಿನ ವಾಸನೆ. ಹುಡುಗರು ಕೈ ಕೈ ಹಿಡಿದು ಸುತ್ತ ನಿಂತು ಹಾಡುತ್ತಿದ್ದರು. ಸುತ್ತಿನಲ್ಲಿ ಒಂದು ಕಡೆ ಬಿರುಕಿತ್ತು. ಬಿರುಕಿನ ಎರಡೂ ಬದಿಯ ಹುಡುಗರು ಗಾಳಿಯಲ್ಲಿ ಮುಷ್ಟಿ ಮಾಡಿ ಹಿಡಿದಿದ್ದರು, ಸುತ್ತು ತಿರುಗಿದಾಗ ಆ ಮುಷ್ಟಿಗಳು ಸಮನಾಗಿ ತಿರುಗಿದವು. ಊಟಕ್ಕೆ ಕೂತಾಗ ಸಾಲಿನ ನಡುವೆ ಒಂದು ಖಾಲಿ ತಟ್ಟೆ ಇತ್ತು. ಎಲ್ಲರೂ ತಮ್ಮ ತಟ್ಟೆಯಿಂದ ಒಂದೊಂದು ತುತ್ತು ಅದಕ್ಕೆ ಹಾಕಿದರು. ಟೀಚರು ಬೈದರೆ ಅಳುತ್ತಿರಲಿಲ್ಲವಂತೆ, ಬೈದು ಮುಗಿಯುವ ತನಕ ಸುಮ್ಮನಿದ್ದು ಮತ್ತೆ ಹಾಕುತ್ತಿದ್ದರಂತೆ. ಇಂದುಮತಿ ಆ ತಟ್ಟೆಯ ಮುಂದೆ ಕೂರಲು ಹೋದಾಗ ಎರಡು ಜಡೆಯ ಒಂದು ಹುಡುಗಿ ಅವಳ ಸೆರಗು ಹಿಡಿದಳು.

"ಅಲ್ಲಿ ಕುಂದರಬ್ಯಾಡ್ರಿ ಅಕ್ಕಾರ. ನೀಲಿ ಅದಾಳ."

"ನೀಲಿ ಅಂದ್ರ ಯಾರು?"

"ಭೇಟಿಯಕ್ಕನ ಸಂಗಾಟ ಬರ್ತಾಳಲ್ರಿ."

ವಾಪಸು ಬರುವಾಗ ಇನ್ನೆರಡು ಅಂಗನವಾಡಿಗೆ ಹೋದಳು. ಬೇರೆ ಊರು, ಬೇರೆ ಜನ. ಅಲ್ಲಿಯೂ ಖಾಲಿ ತಟ್ಟೆ, ಅಲ್ಲಿಯೂ ನೀಲಿ. ಪಟ್ಟಿ ಕಿವಿಯಲ್ಲಿ ಹೇಳುವ ಮಾತುಗಳಲ್ಲಿ ಹುಡುಕಿಸಿದರೆ ಆ ಹೆಸರು ಎಲ್ಲೂ ಇರಲಿಲ್ಲ. ಮಕ್ಕಳು ಕಂಡದ್ದನ್ನು ಅರ್ಥ ಮಾಡಿಕೊಳ್ಳುತ್ತವೆ, ಬಾಗಿದ ಬೆರಳು ಕಂಡರೆ ಅದನ್ನು ಯಾರೋ ಹಿಡಿದಿದ್ದಾರೆ ಅಂದುಕೊಳ್ಳುತ್ತವೆ ಎಂದು ಇಂದುಮತಿ ತನಗೆ ತಾನೇ ಹೇಳಿಕೊಂಡಳು. ಹೆಸರಿನ ವಿಷಯಕ್ಕೆ ಮಾತ್ರ ಅವಳಲ್ಲಿ ಸಮಾಧಾನ ಇರಲಿಲ್ಲ.

ಹೆದರಿದೆ ಎಂದು ಅವಳು ಒಪ್ಪಿಕೊಳ್ಳಲಿಲ್ಲ. ಮಕ್ಕಳ ಮನಸ್ಸಿಗೆ ಇದು ಒಳ್ಳೆಯದಲ್ಲ, ಕರೆಯುವುದನ್ನೂ ಬೆರಳನ್ನೂ ಮಾದರಿಯಿಂದ ತೆಗೆದು ನೋಡೋಣ ಎಂದಳು. ತೆಗೆಯುವುದಕ್ಕೂ ಪುರಾವೆ ಬೇಕಲ್ಲ! ರಾಜ್ಯದ ಅರ್ಧ ತಾಲೂಕುಗಳಲ್ಲಿ ತೆಗೆಯುವುದು, ಅರ್ಧದಲ್ಲಿ ಬಿಡುವುದು, ಯಾವುದು ಯಾವುದೆಂದು ಚೀಟಿ ಎತ್ತುವುದು. ಧಾರವಾಡ ತೆಗೆಯುವ ಗುಂಪಿಗೆ ಬಿತ್ತು.

"ನಿಮ್ಮ ಓಣಿ ಒಂದು ಬಿಡೂಣೇನ್ರಿ ಮೇಡಮ್? ಮನ್ಯಾಗ ಕೂಸದ," ಎಂದ ನದಾಫ.

"ಚೀಟಿ ಎತ್ತಿದ ಮ್ಯಾಲ ಮುಗೀತು. ನಮ್ಮ ಮನಿ ಕೂಸಿಗೆ ಬ್ಯಾರೆ ನ್ಯಾಯ ಏನು?"

ಮುಂದಿನ ವಾರ ಕಸ್ತೂರಿ ಬಂದಳು. ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಕೇಳಬೇಕಾದದ್ದನ್ನೆಲ್ಲ ಅಷ್ಟೇ ಮೆಲುದನಿಯಲ್ಲಿ ಕೇಳಿದಳು, ಅಷ್ಟೇ ಹೊತ್ತು ಕಾದಳು, ಎದ್ದು ಹೋದಳು. ಎಲ್ಲ ಸರಿಯಾಗಿಯೇ ಇತ್ತು. ಸಂಪದಾ ಮಾತ್ರ ಬರೀ ಹೂಂ ಅಂದಿದ್ದಳು.

"ಚಲೋ ಮಾತಾಡಿದ್ಲಲ್ಲ?" ಎಂದಳು ಇಂದುಮತಿ.

"ಮಾತಾಡಿದ್ಲು," ಎಂದು ಸಂಪದಾ ಬಾಗಿಲ ಕಡೆ ನೋಡಿದಳು. "ಆದ್ರ ಇವತ್ತ ಆಕಿ ಒಬ್ಬಾಕಿನೇ ಬಂದಿದ್ಲಮ್ಮಾ."

ಆ ಮಾತು ಇಂದುಮತಿಯನ್ನು ಕಚೇರಿಯ ತನಕ ಬೆನ್ನಟ್ಟಿತು, ಅಲ್ಲಿಂದ ವಾಪಸು ಮನೆಯ ತನಕವೂ ಬಂತು. ಕೆಲವು ವಾರ ತಡೆದು ನೋಡಿದಳು. ಆಮೇಲೆ ತಾನೇ ಮಾಡಿದ ನಿಯಮವನ್ನು ತಾನೇ ಮುರಿದಳು. ಮಾದರಿ ಯಾರು ಎಂದು ಮೇಲಿನವರಿಂದ ಕೇಳಿ ತಿಳಿದುಕೊಂಡು, ಬೆಣ್ಣಿಹಳ್ಳದ ದಂಡೆಯ ಆ ಊರಿಗೆ ಒಬ್ಬಳೇ ಹೋದಳು.

ಆಕೆಯ ಹೆಸರು ಗದಿಗೆವ್ವ. ಕೆಲಸ ಬಿಟ್ಟು ಕೆಲವು ವರ್ಷ ಆಗಿತ್ತು. ಪಡಸಾಲೆಯಲ್ಲಿ ಕೂತು ಹಳೆ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ದನಿ ಕೇಳುತ್ತಲೇ ಇಂದುಮತಿಗೆ ಗುರುತು ಸಿಕ್ಕಿತು. ರಾಜ್ಯದ ತುಂಬ ಅವಳು ಕೇಳಿದ್ದ ದನಿ ಇದೇ, ಆದರೆ ಈಗ ಮೊದಲ ಸಲ ಅದು ತನ್ನದೇ ಗಂಟಲಿನಲ್ಲಿತ್ತು. ಇನ್ನೊಂದು ಸಂಗತಿಯನ್ನೂ ಗಮನಿಸಿದಳು. ಗದಿಗೆವ್ವಳ ಎಡಗೈ ಎಲ್ಲರ ಕೈಯಂತೆಯೇ ಇತ್ತು. ಅಷ್ಟೂ ಮಂದಿಯ ಬೆರಳು ಬಾಗಿಸಿದವಳ ಬೆರಳೇ ಬಾಗಿರಲಿಲ್ಲ.

ಇಂದುಮತಿ ಸುತ್ತಿ ಬಳಸಿ ಮಾತಾಡುವವಳಲ್ಲ. ತಾನು ಯಾರೆಂದು ಹೇಳಿ, "ನೀಲಿ ಅಂದ್ರ ಯಾರು ಗದಿಗೆವ್ವಾರ?" ಎಂದು ಕೇಳಿಯೇಬಿಟ್ಟಳು.

ಸೂಜಿ ನಿಂತಿತು. "ಆ ಹೆಸರು ನಿಮಗ ಯಾರ ಹೇಳಿದ್ರು? ನಾ ಅಂತೂ ಯಾರ ಮುಂದೂ ಅಂದಿಲ್ಲ," ಎಂದಳು ಗದಿಗೆವ್ವ. ಸ್ವಲ್ಪ ಹೊತ್ತಿನ ಮೇಲೆ ತಾನೇ ಮುಂದುವರಿದಳು. "ನನ್ನ ಮಗಳ್ರಿ, ನೀಲವ್ವ. ಇನ್ನಾ ಸಾಲಿಗೆ ಹೆಸರು ಹಚ್ಚಿರಲಿಲ್ಲ. ಮನ್ಯಾಗ ಯಾರಿಲ್ಲಂತ ನಾ ಹೋದಲ್ಲೆಲ್ಲಾ ಬೆರಳ ಹಿಡಕೊಂಡು ಬರಾಕಿ. ಒಂದಿನ ವಾಂತಿ-ಭೇದಿ ಸುರು ಆತು. ಮಂದಿ ಮನೀಗೆ ಹೋಗಿ, ತಡಾ ಮಾಡಬ್ಯಾಡ್ರಿ, ದವಾಖಾನಿಗೆ ಹೋಗ್ರಿ ಅಂತ ಹೇಳಾಕಿ ನಾನು. ನನ್ನ ಕೂಸಿಗೆ ಮಾತ್ರ, ಸಂಜೀತನಾ ನೋಡೂಣು ಅಂದೆ. ಸಂಜಿ ಆಗಾಕ ಆಕಿ ಕೊಡಲಿಲ್ರಿ."

ಗದಿಗೆವ್ವ ನಿಂತ ಸೂಜಿಯನ್ನು ಮತ್ತೆ ಆಡಿಸಿದಳು.

"ಮಣ್ಣಿಗೆ ಕೊಟ್ಟು ಬಂದ ಮ್ಯಾಲ ಮತ್ತ ಕೆಲಸಕ್ಕ ಹೋದ್ನೆಲ್ರಿ, ಆಕಿನ್ನ ಎಲ್ಲಿ ಬಿಡ್ಲಿ? ಕರಕೊಂಡೇ ತಿರುಗಿದೆ. ಬಾಣಂತ್ಯಾರು ಯಾರೂ ಏನೂ ಕೇಳಲಿಲ್ಲ, ನೋಡಿ ದಾರಿ ಬಿಟ್ರು. ಆಮ್ಯಾಲ ನೀವು ಪಟ್ಟಿ ಕಟ್ಟಿದ್ರಿ. ಪಟ್ಟಿ ಊರೂರಿಗೆ ಹೋತು. ಆಕಿ ನನ್ನ ಕಡೆ ಬರೂದು ಕಡಿಮಿ ಆತು, ಕಡೀಕ ನಿಂತ ಹೋತು. ನೀವ ಹೇಳ್ರಿ ಯವ್ವಾ, ಇಷ್ಟು ಕಡೆಯಿಂದ ಅವ್ವ ಕರದ್ರ ಕೂಸು ಎಲ್ಲಿಗಂತ ಹೋಗಬೇಕು? ಎಲ್ಲಾ ದನಿನೂ ನಂದೇ."

ಹೊರಗೆ ಯಾರದೋ ಟ್ರ್ಯಾಕ್ಟರು ಹಾದು ಹೋಯಿತು. ಗದಿಗೆವ್ವ ಕೌದಿಯನ್ನು ಮಡಿಲ ಮೇಲೆ ಸರಿಮಾಡಿಕೊಂಡಳು. ಅದು ದೊಡ್ಡವರ ಅಳತೆಯ ಕೌದಿಯಲ್ಲ ಎಂದು ಇಂದುಮತಿಗೆ ಆಗ ಕಾಣಿಸಿತು.

"ಈಗ ಒಂದ ತಿಂಗಳಿಂದ ಏನೋ ಹಗರಾದಂಗ ಆಗೇತ್ರಿ. ಒಮ್ಮೊಮ್ಮೆ ಬರ್ತಾಳ. ಮೊನ್ನೆ ಹಿತ್ತಲದಾಗ ಬಂದು ಬೆರಳ ಹಿಡದಿದ್ಲು. ಚಳಿ ಹತ್ತೇತಿ ಆಕೀಗೆ. ಅದಕ್ಕ ಇದನ್ನ ಹೊಲ್ಯಾಕ ಕುಂತೇನಿ."

ತಿಂಗಳ ಹಿಂದೆಯೇ ಅರ್ಧ ರಾಜ್ಯದಲ್ಲಿ ಕರೆಯುವುದನ್ನು ನಿಲ್ಲಿಸಿದ್ದು. ಆ ಪ್ರಯೋಗದ ಸುದ್ದಿ ಕಚೇರಿಯ ನಕ್ಷೆಯ ಕೋಣೆ ಬಿಟ್ಟು ಹೊರಗೆ ಹೋಗಿರಲಿಲ್ಲ, ಕಸ್ತೂರಿಯಂಥವರಿಗೂ ಗೊತ್ತಿರಲಿಲ್ಲ. ಇಂದುಮತಿ ನಂಬಲಿಲ್ಲ, ನಂಬದೆ ಇರಲಿಕ್ಕೂ ಆಗಲಿಲ್ಲ. ಒಬ್ಬ ತಾಯಿಯ ಮಗಳನ್ನು ತಾನು ರಾಜ್ಯದ ತುಂಬ ಹಂಚಿಬಿಟ್ಟೆ ಎಂದಷ್ಟೇ ಅವಳಿಗೆ ಅನಿಸಿತು, ಮತ್ತು ಅದು ಬಹಳ ನೋವು ಕೊಟ್ಟಿತು. "ಉಳಿದ ಕಡೆನೂ ನಿಲ್ಲಸ್ತೀನಿ. ಪೂರ್ತಿ ನಿಲ್ಲಸ್ತೀನಿ," ಎಂದು ಗದಿಗೆವ್ವಳ ಕೈ ಹಿಡಿದು ಮಾತು ಕೊಟ್ಟಳು.

ಮಾತು ಕೊಟ್ಟು ಬಂದ ಮೇಲೆ ನಿಲ್ಲಿಸುವ ಕಾಗದ ಸಿದ್ಧವಾಗುತ್ತಿತ್ತು. ಆ ನಡುವೆ ಒಂದು ಮಧ್ಯಾಹ್ನ ಕಚೇರಿಯಿಂದ ಮನೆಗೆ ಫೋನು ಮಾಡಿದಳು. ಸಂಪದಾಳ ದನಿ ನಿದ್ದೆಯಲ್ಲಿದ್ದಂತಿತ್ತು.

"ಕೂಸು ಮುಂಜಾನಿಂದ ಹಾಲು ಕುಡ್ದಿಲ್ಲಮ್ಮಾ. ಅಳೂದೂ ಇಲ್ಲ, ಮಲ್ಕೊಂಡೇ ಅದ. ಮೈ ಸ್ವಲ್ಪ ತಣ್ಣಗದ."

"ಮತ್ತ ನನಗ ಯಾಕ ಫೋನ್ ಮಾಡ್ಲಿಲ್ಲ?"

"ಸಂಜೀತನಾ ನೋಡೂಣಂತ ಬಿಟ್ಟೆ."

ಇಂದುಮತಿ ಆ ಮಾತು ಕೇಳಿದ ಮೇಲೆ ಫೋನನ್ನು ಎಲ್ಲಿಟ್ಟಳೋ, ಗಾಡಿ ಹೇಗೆ ಓಡಿಸಿದಳೋ ಅವಳಿಗೇ ನೆನಪಿರಲಿಲ್ಲ. ರಕ್ತಕ್ಕೆ ನಂಜು ಏರಿದೆ, ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಗಾಜಿನ ಆಚೆ ಕೂಸು ನಳಿಕೆಗಳ ನಡುವೆ ಮಲಗಿತ್ತು. ಸಂಪದಾ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. "ನನಗ ಯಾಕ ಭಯಾನೇ ಆಗ್ಲಿಲ್ಲ ಅಮ್ಮಾ?" ಎಂದು ಅದನ್ನೇ ಕೇಳುತ್ತಿದ್ದಳು. ಇಂದುಮತಿ ಮಗಳ ಬೆನ್ನ ಮೇಲೆ ಕೈ ಇಟ್ಟು ನಿಂತಳು.

ಕೂಸು ಕಣ್ಣು ಬಿಟ್ಟ ದಿನ ನದಾಫ ಆಸ್ಪತ್ರೆಗೇ ಬಂದ. ಮುಖ ಬಾಡಿತ್ತು. "ತೆಗೆದ ತಾಲೂಕುಗಳೊಳಗ ಕೂಸುಗಳು ಹೋಗ್ಲಿಕ್ಕತ್ಯಾವ ಮೇಡಮ್. ಬಿಟ್ಟ ತಾಲೂಕಿನೊಳಗ ಹಂಗಿಲ್ಲ. ರೋಗ ಎರಡೂ ಕಡೆ ಒಂದೇ. ಇಲ್ಲಿ ಮಂದಿ ದವಾಖಾನಿಗೆ ತಡಾ ಮಾಡಿ ಬರ್ತಾರ, ಅಷ್ಟೇ. ಯಾಕಂತ ಕೇಳಿದ್ರ ಎಲ್ಲಾರೂ ಒಂದೇ ಅಂತಾರ."

"ಸಂಜೀತನಾ ನೋಡೂಣಂತ ಬಿಟ್ಟಿದ್ವಿ ಅಂತಾರ," ಎಂದಳು ಇಂದುಮತಿ.

ಕಷಾಯದಲ್ಲಿ ಔಷಧ ಯಾವುದೆಂದು ಅವಳಿಗೆ ಕೊನೆಗೂ ಗೊತ್ತಾಗಿತ್ತು. ಭೇದಿಗೆ ಹೇಳಿಕೊಡುವ ಉಪ್ಪು-ಸಕ್ಕರೆ ನೀರಲ್ಲ, ಮೆಲುದನಿಯಲ್ಲ, ಕಾಯುವ ಮೌನವೂ ಅಲ್ಲ. ಸತ್ತ ಕೂಸಿನ ಮಾತನ್ನು ಯಾವ ಭೇಟಿಯಕ್ಕನೂ ಯಾವ ಮನೆಯಲ್ಲೂ ಆಡಿರಲಿಲ್ಲ. ಆದರೆ ಇಲ್ಲದ ಕೂಸೊಂದಕ್ಕೆ ಕಾಲು ಮಡಚಿ ದಾರಿ ಬಿಟ್ಟ ತಾಯಿ ತನ್ನ ಕೂಸಿನ ಮೈ ತಣ್ಣಗಾದರೆ ಸಂಜೆಯ ತನಕ ಕೂರುತ್ತಿರಲಿಲ್ಲ. ವಾರವಾರವೂ ನೀಲಿ ಬಂದು ಆ ತಾಯಂದಿರ ಮಡಿಲಲ್ಲಿ ಒಂದು ಸಣ್ಣ ಭಯ ಇಟ್ಟು ಹೋಗುತ್ತಿದ್ದಳು.

ಅಲ್ಲೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇಂದುಮತಿ ಪ್ರಯೋಗ ನಿಲ್ಲಿಸಿ, ಕರೆಯುವುದನ್ನೂ ಬೆರಳನ್ನೂ ಎಲ್ಲ ತಾಲೂಕುಗಳಿಗೂ ಮರಳಿಸಲು ಆಜ್ಞೆ ಕೊಟ್ಟಳು. ಮಾತು ಕೊಟ್ಟಿದ್ದು ನೆನಪಿರಲಿಲ್ಲ ಎಂದಲ್ಲ. ಫೋನಿನಲ್ಲಿ ಒಪ್ಪಿಗೆಯ ಗುಂಡಿ ಒತ್ತುವಾಗ ಗದಿಗೆವ್ವಳ ಕೌದಿ ಕಣ್ಣ ಮುಂದೆಯೇ ಇತ್ತು.

ಮುಖ ತೋರಿಸಲು ನಾಚಿಕೆಯಾದರೂ ಹೋಗದೆ ವಿಧಿ ಇರಲಿಲ್ಲ. ಆ ಊರು ಮುಟ್ಟಿದಾಗ ಗದಿಗೆವ್ವ ಪಡಸಾಲೆಯಲ್ಲೇ ಇದ್ದಳು. ಕೌದಿ ಹೊಲಿದು ಮುಗಿದಿತ್ತು, ಮಡಚಿ ಗೋಡೆಗೆ ಒರಗಿಸಿಟ್ಟಿದ್ದಳು. ಇಂದುಮತಿ ಬಾಯಿ ತೆರೆಯುವ ಮೊದಲೇ, "ಗೊತ್ತಾತ್ರಿ," ಎಂದಳು. "ಮೊನ್ನೆ ಹಾದ್ಯಾಗ ನಡದಾಗ ಬೆರಳ ಬಿಟ್ಟು ಓಡಿದ್ಲು. ಯಾರೋ ಕರದ್ರು ಅಂದ್ಕೊಂಡೆ."

ಇಂದುಮತಿ ಎಲ್ಲವನ್ನೂ ಹೇಳಿದಳು, ತನ್ನ ಮೊಮ್ಮಗನ ಸುದ್ದಿಯನ್ನೂ ಮುಚ್ಚಿಡಲಿಲ್ಲ. ಹೇಳುತ್ತ ಅತ್ತಳು. ಗದಿಗೆವ್ವ ಅಳಲಿಲ್ಲ. "ಮಂದಿ ಕೂಸು ಬದುಕ್ಲಿ ಯವ್ವಾ. ನನ್ನ ಕೂಸು ನನಗ ಕೊಡ್ರಿ ಅಂತ ಯಾವ ಬಾಯಿಲೆ ಕೇಳ್ಲಿ? ಅಲ್ಲಾ, ಆಕಿ ಹಂಗ ಮನಿಂದ ಮನಿಗೆ ತಿರಗ್ತಾಳಲ್ಲ, ದಣೀತಾಳೇನೋ ಅಂತ ಅಷ್ಟ ಸಂಕಟ. ಒಳಗಿಂದ ಹೊರಗ ಬಂದಾಗ ಬಾಗಿಲದಾಗ ನಾ ಇರಂಗಿಲ್ಲ ನೋಡ್ರಿ."

ಆಮೇಲೆ ಇಂದುಮತಿ ಎದ್ದು ಗಾಡಿಯಿಂದ ಒಂದು ಪಟ್ಟಿ ತಂದಳು. ಗದಿಗೆವ್ವಳ ಹೆಗಲಿಗೆ ತಾನೇ ಕಟ್ಟಿ, ಅವಳನ್ನು ತುಂಬಿಕೊಳ್ಳುವ ಗುಂಡಿ ಒತ್ತಿದಳು.

"ಬಾಗಿಲ ಹೊರಗ ನಿಂದರ್ರಿ ಗದಿಗೆವ್ವಾರ. ಒಳಗ ನೀಲಿ ಅದಾಳ ಅಂತ ತಿಳಕೊಳ್ರಿ. ಆಕಿ ಬರೂತನಾ ಹೆಂಗ ಕಾಯ್ತಿದ್ರಿ, ಹಂಗ ಕಾಯ್ರಿ."

ಗದಿಗೆವ್ವ ಅವಳ ಮುಖವನ್ನೇ ನೋಡಿದಳು. ಅರ್ಥವಾಗಿತ್ತು. ಸೀರೆ ಸರಿಮಾಡಿಕೊಂಡು ಹೊರಗೆ ಹೋಗಿ, ಮೆಟ್ಟಿಲ ಬಲಬದಿಗೆ ನಿಂತಳು. ಸ್ವಲ್ಪ ಬಾಗಿ ಕೈ ಚಾಚಿದಳು. ಹೊತ್ತು ಇಳಿಯುವ ತನಕ ಹಾಗೇ ನಿಂತಿದ್ದಳು. ಇಂದುಮತಿ ಸಾಕು ಎನ್ನಲಿಲ್ಲ.

ಆ ತುಣುಕನ್ನು ಮಾದರಿಯ ಕೊನೆಗೆ ಸೇರಿಸು ಎಂದಾಗ ನದಾಫ ತಲೆ ಕೆರೆದುಕೊಂಡ. ಎಲ್ಲ ಭೇಟಿಯಕ್ಕಂದಿರೂ ಬಾಗಿಲ ಹೊರಗೆ ಬಲಗಡೆ ಸರಿದು, ಕೈ ಚಾಚಿ, ಸ್ವಲ್ಪ ಹೊತ್ತು ಕಾಯಬೇಕು. ಇಡೀ ರಾಜ್ಯದಲ್ಲಿ, ಪ್ರತಿ ಮನೆಯಲ್ಲಿ.

"ಮಾಡ್ತೀ­ನಿ ಮೇಡಮ್. ಆದ್ರ ಮ್ಯಾಲಿನವರು ಕೇಳ್ತಾರ. ಇದಕ್ಕ ಪುರಾವೆ ಏನದ?"

"ಏನೂ ಇಲ್ಲ," ಎಂದಳು ಇಂದುಮತಿ. "ಎಷ್ಟು ಮನಿ ಬೇಕಾದ್ರೂ ತಿರಗ್ಲಿ ಆಕಿ. ಪ್ರತಿ ಮನಿ ಬಾಗಿಲದಾಗೂ ಅವ್ವ ನಿಂತಿರಬೇಕು." ಆಯುಷ್ಯದಲ್ಲಿ ಮೊದಲ ಸಲ ಪುರಾವೆ ಇಲ್ಲದೆ ಸಹಿ ಹಾಕಿದಳು.

ಆ ಚಳಿಗಾಲದಲ್ಲಿ ಗದಿಗೆವ್ವ ತೀರಿಕೊಂಡಳು. ಸುದ್ದಿ ತಿಳಿದು ಇಂದುಮತಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೌದಿ ಎಲ್ಲಿ ಎಂದು ಕೇಳಿದಳು. ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ ಎಂದರು.

ಸಂಪದಾ ಗಂಡನ ಮನೆಗೆ ಹೊರಡುವ ಹಿಂದಿನ ವಾರ ಕಸ್ತೂರಿ ಕಡೆಯ ಸಲ ಬಂದಳು. ಕೂಸು ಈಗ ಗೋಡೆ ಹಿಡಿದು ನಿಲ್ಲುತ್ತಿತ್ತು, ಹೋಗುವವರಿಗೆ ಟಾಟಾ ಮಾಡುವುದನ್ನು ಆ ವಾರವಷ್ಟೇ ಕಲಿತಿತ್ತು. ಇಂದುಮತಿ ನೆಲದ ಮೇಲೆ ಕಾಲು ಚಾಚಿ ಕೂತು ಅದಕ್ಕೆ ಅಂಟಿನುಂಡಿಯ ಚೂರು ನೆಕ್ಕಿಸುತ್ತಿದ್ದಳು. ಮಾತು ಮುಗಿದ ಮೇಲೆ ಕಸ್ತೂರಿ ಎದ್ದಳು. ಬಾಗಿಲ ತನಕ ಹೋಗಿ ತಿರುಗಿದಳು. "ಬಾರವಾ, ಹೋಗೂಣು," ಎಂದಳು. ಎಡಗೈ ಬೆರಳು ಬಾಗಿತು. ಹೊಸ್ತಿಲು ದಾಟಿ ಮೆಟ್ಟಿಲ ಬಲಬದಿಗೆ ಸರಿದು ನಿಂತಳು, ಸ್ವಲ್ಪ ಬಾಗಿ ಕೈ ಚಾಚಿದಳು, ಕಾದಳು. ಆಮೇಲೆ ಯಾರ ಹೆಜ್ಜೆಗೋ ಹೊಂದಿಸಿಕೊಳ್ಳುವವಳಂತೆ ಇನ್ನಷ್ಟು ನಿಧಾನವಾಗಿ ನಡೆದು ಹೋದಳು.

ಕೂಸು ಕಸ್ತೂರಿಗೆ ಕೈ ಬೀಸಿತು. ಕೈ ಕೆಳಗಿಳಿಸಿ, ತನಗಿಂತ ತುಸು ಎತ್ತರದ ಯಾರಿಗೋ ಬೀಸಿತು. ಕೊನೆಗೆ ತಲೆ ಎತ್ತಿ ಬಾಗಿಲ ಹೊರಗೆ, ಮೆಟ್ಟಿಲ ಬಲಕ್ಕೆ, ಯಾರೂ ಇಲ್ಲದ ಕಡೆ ನೋಡಿ ನಕ್ಕು ಮತ್ತೊಮ್ಮೆ ಬೀಸಿತು.

ಇಂದುಮತಿ ಆಗಷ್ಟೇ ತನ್ನ ಕಾಲುಗಳನ್ನು ನೋಡಿಕೊಂಡಳು. ಕಸ್ತೂರಿ ಕರೆದ ಹೊತ್ತಿಗೇ ಅವಳು ಅವನ್ನು ಮಡಚಿ ದಾರಿ ಬಿಟ್ಟಾಗಿತ್ತು.